ನರಿಯನ್ನು ಕೊಂದರೆ ಹುಳು ಸಾಯುವುದೇ?

ಲಾಡಿಹುಳು ಎಂದೊಡನೆ ಕಣ್ಣ ಮುಂದೆ ಬರುವುದು ಮಾರುದ್ದದ, ಬಿಳಿಯ, ಹೆಸರಿಗೆ ತಕ್ಕಂತೆ ಲಾಡಿಯ ಹಾಗೆ ಚಪ್ಪಟೆಯಾದ ಹುಳು. ಯುರೋಪಿನ ಕೆಂಪು ನರಿಯ ಸಣ್ಣಕರುಳಿನಲ್ಲಿ ಬೀಡುಬಿಟ್ಟಿರುವ ಲಾಡಿಹುಳುವಿಗೆ ಆ ಚಿತ್ರ ಸ್ವಲ್ಪವೂ ಹೊಂದುವುದಿಲ್ಲ. ಅದರ ಉದ್ದ 2ರಿಂದ 4 ಮಿಲಿಮೀಟರ್. ಎರಡು ರಾಗಿಕಾಳನ್ನು ಒತ್ತೊತ್ತಿಗೆ ಇಟ್ಟರೆ ಎಷ್ಟಾಗುತ್ತದೋ ಅಷ್ಟು. ಕೊಕ್ಕೆಗಳೂ ಹೀರುಬಟ್ಟಲುಗಳೂ ಇರುವ ತಲೆಯನ್ನು ಕರುಳಿನ ಗೋಡೆಗೆ ನಾಟಿಕೊಂಡು, ಹಿಂದೆ ನಾಲ್ಕೈದು ಗೆಣ್ಣುಗಳನ್ನು ಬೆಳೆಸಿಕೊಂಡು ಅದು ಜೋತಾಡುತ್ತಿರುತ್ತದೆ. ಕಟ್ಟಕಡೆಯ ಗೆಣ್ಣು ಬಲಿತಾಗ ಅದರಲ್ಲಿ ಇನ್ನೂರು ಮುನ್ನೂರು ಮೊಟ್ಟೆಗಳಿರುತ್ತವೆ. ಗೆಣ್ಣು ಕಳಚಿ ನರಿಯ ಹಿಕ್ಕೆಯೊಂದಿಗೆ ಹೊರಗೆ ಬೀಳುತ್ತದೆ. ಒಂದೇ ನರಿಯ ಹೊಟ್ಟೆಯಲ್ಲಿ ಇಂಥ ಹುಳುಗಳು ಹತ್ತಾರು ಸಾವಿರ ಇರಬಹುದು, ಆದರೂ ನರಿಗೆ ಏನೂ ಆಗುವುದಿಲ್ಲ. ಅದು ಉಣ್ಣುತ್ತದೆ, ಓಡುತ್ತದೆ, ಮರಿ ಹಾಕುತ್ತದೆ. ವಿಜ್ಞಾನಿಗಳು ಎಕೈನೊಕಾಕಸ್ ಮಲ್ಟಿಲಾಕ್ಯುಲಾರಿಸ್ ಎಂದು ಕರೆಯುವ ಈ ಹುಳುವಿನಿಂದ ಕೇಡಾಗುವುದು ಬೇರೆಯವರಿಗೆ. ಆ ಬೇರೆಯವರಲ್ಲಿ ಮನುಷ್ಯನೂ ಸೇರಿರುವುದರಿಂದ, ಕಳೆದ ನಾಲ್ಕು ದಶಕಗಳಲ್ಲಿ ಯುರೋಪು, ಜಪಾನು, ಚೀನಾಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ: ಈ ನರಿಗಳನ್ನು ಏನು ಮಾಡಬೇಕು? ಇಲ್ಲಿಯವರೆಗೆ ಕೂಡಿಬಂದಿರುವ ಸಾಕ್ಷ್ಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಈ ಪ್ರಶ್ನೆಯೇ ಸ್ವಲ್ಪ ಓರೆಯಾಗಿದೆ ಎನ್ನಿಸುತ್ತದೆ.

ಹುಳುವಿನ ಬಾಳು ಎರಡು ಮನೆಗಳಲ್ಲಿ ಹಂಚಿಹೋಗಿದೆ. ಮೊದಲ ಮನೆ ನರಿ. ಎರಡನೆಯದು ವೋಲ್ ಎಂಬ ಹುಲ್ಲುಗಾವಲಿನ ಇಲಿ. ಮೊಂಡುಮೂತಿ, ಗಿಡ್ಡ ಬಾಲ, ನೆಲದಡಿಯ ಬಿಲ, ಹುಲ್ಲು ಮತ್ತು ಬೇರಿನ ಊಟ: ಇದಿಷ್ಟು ವೋಲ್. ನರಿಯ ಹಿಕ್ಕೆಯಿಂದ ಹುಲ್ಲಿಗೆ ಅಂಟಿದ ಮೊಟ್ಟೆ ಅದರ ಹೊಟ್ಟೆ ಸೇರಿದಾಗ ಒಳಗಿನ ಭ್ರೂಣ ಹೊರಬಂದು, ಕರುಳನ್ನು ತೂರಿ, ರಕ್ತದೊಂದಿಗೆ ಪಿತ್ತಜನಕಾಂಗಕ್ಕೆ ಹೋಗಿ ನೆಲೆಸುತ್ತದೆ. ವೋಲ್‌ನ ಆಯುಷ್ಯ ಕೆಲವೇ ತಿಂಗಳು. ಹಾಗಾಗಿ ಹುಳುವಿಗೆ ಅವಸರ. ಎರಡು ಮೂರು ತಿಂಗಳೊಳಗೆ ಅದು ಪಿತ್ತಜನಕಾಂಗದ ತುಂಬ ಸಣ್ಣ ಸಣ್ಣ ಗೂಡುಗಳನ್ನು ಕಟ್ಟಿ, ಪ್ರತಿ ಗೂಡಿನಲ್ಲೂ ಮುಂದಿನ ಪೀಳಿಗೆಯ ಹುಳುತಲೆಗಳನ್ನು ತುಂಬಿಡುತ್ತದೆ. ಕಾಯಿಲೆಬಿದ್ದು ಮೆತ್ತಗಾದ ವೋಲ್ ನರಿಯ ಬಾಯಿಗೆ ಬಿದ್ದರೆ ಒಂದು ಸುತ್ತು ಪೂರ್ತಿಯಾಯಿತು. ನರಿಯ ಕರುಳಿನಲ್ಲಿ ಆ ಹುಳುತಲೆಗಳು ಬೆಳೆದು ಮೊಟ್ಟೆ ಉದುರಿಸಲು ಸುಮಾರು 4 ವಾರ ಸಾಕು. ಈ 4 ವಾರದ ಲೆಕ್ಕವನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು; ಮುಂದೆ ಬರುವ ಔಷಧೋಪಾಯಗಳೆಲ್ಲ ಅದರ ಮೇಲೆಯೇ ನಿಂತಿವೆ. ಮೊಟ್ಟೆಯ ಗಟ್ಟಿತನವನ್ನೂ ಮರೆಯುವಂತಿಲ್ಲ. ಒಣಬಿಸಿಲು, ಬೇಯಿಸುವ ಶಾಖ ಅದಕ್ಕೆ ಆಗದು. ಆದರೆ ತಂಪೂ ತೇವವೂ ಇದ್ದರೆ ಅದು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ಮನೆಯ ಫ್ರೀಜರಿನ ಚಳಿಗೂ ಜಗ್ಗುವುದಿಲ್ಲ. ಪ್ರಯೋಗಾಲಯಗಳಲ್ಲಿ ನರಿಯ ಕರುಳನ್ನು ಪರೀಕ್ಷಿಸುವ ಮುನ್ನ ಮೈನಸ್ 80 ಡಿಗ್ರಿಯಲ್ಲಿ ಕೆಲವು ದಿನ ಇಟ್ಟು ಮೊಟ್ಟೆಗಳನ್ನು ಕೊಲ್ಲುವುದು ರೂಢಿ.

ಮನುಷ್ಯ ಈ ಸುತ್ತಿಗೆ ಕರೆಯದೆ ಬಂದ ಅತಿಥಿ. ಮಣ್ಣು ಮೆತ್ತಿದ ಕೈಯಿಂದಲೋ, ನಾಯಿಯ ಮೈಗೂದಲಿನಿಂದಲೋ, ತೊಳೆಯದ ತರಕಾರಿಯಿಂದಲೋ ಮೊಟ್ಟೆ ಹೊಟ್ಟೆಗೆ ಹೋದರೆ, ವೋಲ್‌ನಲ್ಲಿ ಮಾಡಿದ್ದನ್ನೇ ಹುಳು ಇಲ್ಲೂ ಮಾಡಲು ಹೊರಡುತ್ತದೆ, ಆದರೆ ಬಲು ನಿಧಾನವಾಗಿ. ಬಹಳ ಮಂದಿಯ ದೇಹ ಅದನ್ನು ಆರಂಭದಲ್ಲಿಯೇ ಹತ್ತಿಕ್ಕುತ್ತದೆ. ಹತ್ತಿಕ್ಕಲಾಗದವರಲ್ಲಿ 5ರಿಂದ 15 ವರ್ಷ ಯಾವ ಸುಳಿವೂ ಇಲ್ಲದೆ ಅದು ಪಿತ್ತಜನಕಾಂಗದಲ್ಲಿ ಬೇರುಬಿಡುತ್ತದೆ. ಅಂಚಿಲ್ಲದೆ, ಚೀಲವಿಲ್ಲದೆ, ಪಕ್ಕದ ಅಂಗಗಳಿಗೂ ಚಾಚಿಕೊಳ್ಳುತ್ತದೆ. ಆಲ್ವಿಯೋಲಾರ್ ಎಕೈನೊಕಾಕೋಸಿಸ್ ಎಂಬ ಈ ರೋಗಕ್ಕೆ ಚಿಕಿತ್ಸೆ ಸಿಗದಿದ್ದರೆ ಪತ್ತೆಯಾದ ಹತ್ತು ಹದಿನೈದು ವರ್ಷಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಸಾಯುತ್ತಾರೆ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವೈದ್ಯರು ಇದನ್ನು ಕ್ಯಾನ್ಸರ್ ಎಂದೇ ತಿಳಿದಿದ್ದರು. ಆ ಗಡ್ಡೆ ಹುಳುವಿನ ಕೆಲಸ ಎಂದು 1855ರ ಹೊತ್ತಿಗೆ ತೋರಿಸಿಕೊಟ್ಟವನು ರುಡಾಲ್ಫ್ ವಿರ್ಖೋ. ಆದರೆ ಯಾವ ಹುಳು, ಎಲ್ಲಿಂದ ಬಂತು ಎಂಬ ಜಗಳ ಇನ್ನೂ ನೂರು ವರ್ಷ ನಡೆಯಿತು. ಕುರಿ ಮತ್ತು ನಾಯಿಗಳ ನಡುವೆ ಸುತ್ತುವ, ನಮ್ಮ ದೇಶದಲ್ಲಿಯೂ ಹೈಡಾಟಿಡ್ ಗಡ್ಡೆಗೆ ಕಾರಣವಾಗುವ ಹುಳುವೇ ಇದು ಎಂದು ಒಂದು ಬಣ. ಅಲ್ಲ, ಬೇರೆಯೇ ಜಾತಿ ಎಂದು ಇನ್ನೊಂದು. 1950ರ ದಶಕದಲ್ಲಿ ಅಲಾಸ್ಕದ ಸೇಂಟ್ ಲಾರೆನ್ಸ್ ದ್ವೀಪದಲ್ಲಿ ರಾಬರ್ಟ್ ರೌಶ್ ಮತ್ತು ಎವರೆಟ್ ಶಿಲ್ಲರ್, ದಕ್ಷಿಣ ಜರ್ಮನಿಯ ಶ್ವಾಬಿಯನ್ ಗುಡ್ಡಗಾಡಿನಲ್ಲಿ ಹಾನ್ಸ್ ಫೋಗೆಲ್ ನರಿ ಮತ್ತು ವೋಲ್‌ಗಳ ನಂಟನ್ನು ಬಿಡಿಸಿಟ್ಟ ಮೇಲೆಯೇ ಆ ಜಗಳ ಮುಗಿದದ್ದು.

ಆ ಹೊತ್ತಿಗೆ ಮಧ್ಯ ಯುರೋಪಿನ ನರಿಗಳಿಗೆ ಇನ್ನೊಂದು ಪಿಡುಗು ತಗಲಿತ್ತು. ಎರಡನೆಯ ಮಹಾಯುದ್ಧದ ಸುಮಾರಿಗೆ ಪೂರ್ವದಲ್ಲಿ ಹುಟ್ಟಿ ವರ್ಷವರ್ಷವೂ ಪಶ್ಚಿಮಕ್ಕೆ ಸರಿಯುತ್ತಿದ್ದ ರೇಬೀಸ್ 1967ರಲ್ಲಿ ಸ್ವಿಟ್ಜರ್ಲೆಂಡನ್ನು ಮುಟ್ಟಿತು. ಗುಂಡು ಹಾರಿಸಿದರು, ಬಿಲಗಳಿಗೆ ವಿಷಾನಿಲ ಬಿಟ್ಟರು, ರೋಗ ನಿಲ್ಲಲಿಲ್ಲ. 1978ರಲ್ಲಿ ಫ್ರಾಂಟ್ಸ್ ಸ್ಟೆಕ್ ಮತ್ತು ಸಂಗಡಿಗರು ರೋನ್ ಕಣಿವೆಯಲ್ಲಿ ಕೋಳಿತಲೆಗಳೊಳಗೆ ಲಸಿಕೆ ಅಡಗಿಸಿ ಚೆಲ್ಲಿದರು. ಕಾಡುಪ್ರಾಣಿಗಳಿಗೆ ಬಾಯಿಯ ಮೂಲಕ ಲಸಿಕೆ ಕೊಡುವ ಮೊದಲ ಬಯಲು ಪ್ರಯೋಗವದು. ಲಸಿಕೆ ಚೆಲ್ಲುತ್ತಿದ್ದಾಗಲೇ 1982ರಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ಸ್ಟೆಕ್ ತೀರಿಕೊಂಡರು, ಆದರೆ ಅವರ ದಾರಿ ಗೆದ್ದಿತು. 1999ರ ಹೊತ್ತಿಗೆ ಸ್ವಿಟ್ಜರ್ಲೆಂಡ್ ರೇಬೀಸ್‌ಮುಕ್ತವಾಯಿತು. ರೇಬೀಸ್ ತೊಲಗಿದಂತೆ ನರಿಗಳು ಹೆಚ್ಚಿದವು; 1980ರಿಂದ 1995ರ ನಡುವೆ ಸ್ವಿಸ್ ನರಿಗಳ ಸಂಖ್ಯೆ ನಾಲ್ಕು ಪಟ್ಟಾಯಿತೆಂದು ಬೇಟೆಯ ದಾಖಲೆಗಳಿಂದ ಅಂದಾಜಿಸಿದ್ದಾರೆ. ಜ್ಯೂರಿಕ್‌ನಂಥ ನಗರಗಳ ತೋಟ, ಉದ್ಯಾನ, ಸ್ಮಶಾನಗಳಲ್ಲಿ ಅವು ಬಿಲ ತೋಡಿದವು. ಹತ್ತು ವರ್ಷಗಳಾಚೆ ಮನುಷ್ಯರ ಲೆಕ್ಕವೂ ಬದಲಾಯಿತು. ಲಕ್ಷ ಜನರಿಗೆ ವರ್ಷಕ್ಕೆ 0.10 ಇದ್ದ ಹೊಸ ರೋಗಿಗಳ ಪ್ರಮಾಣ 2001ರಿಂದ 2005ರ ಅವಧಿಯಲ್ಲಿ 0.26ಕ್ಕೆ ಏರಿತು. ಸ್ಕ್ಯಾನಿಂಗ್ ಹೆಚ್ಚಿದ್ದರಿಂದ ಪತ್ತೆಯೂ ಹೆಚ್ಚಿತು ಎಂದು ಇದಕ್ಕೆ ಆಕ್ಷೇಪ ಹೇಳಬಹುದು, ಅದರಲ್ಲಿ ಸ್ವಲ್ಪ ನಿಜವೂ ಇರಬಹುದು. ಆದರೆ ನರಿಗಳ ಏರಿಕೆಗೂ ರೋಗಿಗಳ ಏರಿಕೆಗೂ ನಡುವಿನ ಅಂತರ ಹುಳು ಮನುಷ್ಯನೊಳಗೆ ಗುಟ್ಟಾಗಿ ಬೆಳೆಯುವ ಅವಧಿಗೆ ಸರಿಯಾಗಿ ಕೂಡುತ್ತದೆ. ನರಿ ಹೆಚ್ಚಿದರೆ ಅಪಾಯ ಹೆಚ್ಚುತ್ತದೆ ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಹಾಗಾದರೆ ನರಿಗಳನ್ನು ಕಡಿಮೆ ಮಾಡಿದರೆ ಅಪಾಯವೂ ಕಡಿಮೆಯಾಗಬೇಕಲ್ಲ? ಲೆಕ್ಕದ ಪುಸ್ತಕದಲ್ಲಿ ಈ ತರ್ಕ ಸರಿ, ಬಯಲಿನಲ್ಲಿ ಇದು ಸೋತಿದೆ. ಫ್ರಾನ್ಸಿನ ನಾನ್ಸಿ ನಗರದ ಸುತ್ತ ಸುಮಾರು 700 ಚದರ ಕಿಲೋಮೀಟರ್ ಪ್ರದೇಶದಲ್ಲಿ 4 ವರ್ಷ ನಡೆದ ಪ್ರಯೋಗ ಇದಕ್ಕೆ ಅತ್ಯುತ್ತಮ ಸಾಕ್ಷಿ. ಮಾಮೂಲು ಬೇಟೆಯ ಜೊತೆಗೆ ರಾತ್ರಿಹೊತ್ತು ದೀಪ ಹಾಯಿಸಿ ನರಿಗಳನ್ನು ಹೊಡೆದರು. 1,700 ಗಂಟೆಗಳ ರಾತ್ರಿಗೆಲಸ, 15,000 ಕಿಲೋಮೀಟರ್ ಓಡಾಟ. ಕೊಲ್ಲುವ ಒತ್ತಡ ಮೂರನೇ ಒಂದು ಭಾಗಕ್ಕೂ ಹೆಚ್ಚಾಯಿತು. ನರಿಗಳ ಸಂಖ್ಯೆ ಮಾತ್ರ ಇಳಿಯಲಿಲ್ಲ. ಹುಳುವಿದ್ದ ನರಿಗಳ ಪಾಲು ನೂರಕ್ಕೆ 40ರಿಂದ 55ಕ್ಕೆ ಏರಿತು; ಹೆಚ್ಚುವರಿ ಬೇಟೆಯಿಲ್ಲದ ಪಕ್ಕದ ಪ್ರದೇಶದಲ್ಲಿ ಅದು ಇದ್ದಂತೆಯೇ ಇತ್ತು. ಇದು ವಿಚಿತ್ರವೆನಿಸಿದರೂ ಕಾರಣ ಊಹೆಗೆ ನಿಲುಕದ್ದೇನಲ್ಲ. ನರಿಗಳದು ಗಡಿ ಕಾಯುವ ಸಂಸಾರ. ನೆಲೆನಿಂತ ನರಿಯನ್ನು ಹೊಡೆದರೆ ಜಾಗ ಖಾಲಿಯಾಗುತ್ತದೆ, ಸುತ್ತಲಿನಿಂದ ಎಳೆಯ ನರಿಗಳು ಬಂದು ಸೇರಿಕೊಳ್ಳುತ್ತವೆ. ಎಳೆಯವುಗಳಿಗೆ ಈ ಹುಳುವಿನ ವಿರುದ್ಧ ಪ್ರತಿರೋಧ ಬೆಳೆದಿರುವುದಿಲ್ಲವಾದ್ದರಿಂದ ಅವುಗಳ ಹೊಟ್ಟೆಯಲ್ಲಿ ಹುಳುಗಳ ಹೊರೆಯೂ ದೊಡ್ಡದು. ಅಂದರೆ ಗುಂಡು ಹಾರಿಸಿದವರು ತಮಗೆ ತಿಳಿಯದೆಯೇ ಮುದಿ ನರಿಯನ್ನು ತೆಗೆದು ಮೊಟ್ಟೆ ಹೆಚ್ಚು ಉದುರಿಸುವ ಎಳೆಯ ನರಿಯನ್ನು ಆ ಜಾಗದಲ್ಲಿ ಕೂರಿಸುತ್ತಿದ್ದರು. ರೇಬೀಸಿನ ಕಾಲದಲ್ಲಿ ವಿಷಾನಿಲ ಸೋತದ್ದಕ್ಕೂ ಬಂದವು ಹೋದವುಗಳ ಈ ಚಲನೆಯೇ ಒಂದು ಕಾರಣ.

ಕೊಲ್ಲುವುದರಿಂದ ಹುಳು ಎಲ್ಲಿಯೂ ಹೋಗಿಲ್ಲವೇ ಎಂದರೆ, ಹೋಗಿದೆ. ನರಿಬೇಟೆಯ ಪರ ಇರುವವರು ಮುಂದಿಡುವ ಅತ್ಯಂತ ಬಲವಾದ ಉದಾಹರಣೆ ಜಪಾನಿನ ರೆಬುನ್ ದ್ವೀಪ. 1920ರ ದಶಕದಲ್ಲಿ ಇಲಿಕಾಟಕ್ಕೆ ಮದ್ದಾಗಲಿ, ತುಪ್ಪಳವೂ ಸಿಗಲಿ ಎಂದು ಕುರಿಲ್ ದ್ವೀಪಗಳಿಂದ ನರಿಗಳನ್ನು ತಂದು ಅಲ್ಲಿ ಬಿಟ್ಟರು. ನರಿಗಳೊಂದಿಗೆ ಹುಳುವೂ ಬಂದಿಳಿಯಿತು. 1930ರ ದಶಕದ ಕೊನೆಗೆ ರೋಗ ಕಾಣಿಸಿಕೊಂಡು, ಆ ಪುಟ್ಟ ದ್ವೀಪದಲ್ಲಿ ಕಾಲಕ್ರಮೇಣ ನೂರಕ್ಕೂ ಹೆಚ್ಚು ಮಂದಿಗೆ ತಗಲಿತು. ಕಡೆಗೆ ದ್ವೀಪದ ನರಿಗಳನ್ನೂ ನಾಯಿಗಳನ್ನೂ ಪೂರ್ತಿ ಕೊಂದರು, ಹುಳು ಅಳಿಯಿತು. ಆದರೆ ಈ ಗೆಲುವು ಏತಕ್ಕೆ ಸಾಧ್ಯವಾಯಿತೆಂದು ನೋಡಬೇಕು. ಸುಮಾರು 80 ಚದರ ಕಿಲೋಮೀಟರಿನ ನೆಲ, ಸುತ್ತಲೂ ಕಡಲು, ಖಾಲಿಯಾದ ಜಾಗ ತುಂಬಲು ಬೇರೆಲ್ಲಿಂದಲೂ ನರಿ ಬರುವಂತಿಲ್ಲ, ಬಂದ ನರಿಗಳೂ ಮನುಷ್ಯರು ತಂದವೇ. ಜಪಾನಿನವರೇ ದೊಡ್ಡ ದ್ವೀಪವಾದ ಹೊಕ್ಕೈಡೊದಲ್ಲಿ ಇದನ್ನು ಮತ್ತೆ ಮಾಡಲಾಗಲಿಲ್ಲ. 1960ರ ದಶಕದಲ್ಲಿ ಅದರ ಪೂರ್ವದ ಅಂಚಿನಲ್ಲಿ ಕಾಣಿಸಿಕೊಂಡ ಹುಳು ಮುಂದೆ ದ್ವೀಪವನ್ನೆಲ್ಲ ಹಬ್ಬಿತು. ರೆಬುನ್‌ನಿಂದ ಕಲಿಯಬೇಕಾದ ಪಾಠ ಹೀಗಿರಬೇಕು: ಕಡೆಯ ನರಿಯವರೆಗೂ ಕೊಲ್ಲಲು, ಆಮೇಲೆ ಗಡಿ ಮುಚ್ಚಿಡಲು ಆಗುವ ಕಡೆ ಕೊಲ್ಲುವುದು ಫಲಿಸುತ್ತದೆ. ಯುರೋಪಿನ ನಡುನೆಲದಲ್ಲಿ ಈ ಎರಡೂ ಆಗದ ಮಾತು.

ನರಿಯ ಮೇಲೆ ನೆಟ್ಟ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ ಹುಲ್ಲನ್ನು ನೋಡಿದರೆ ಕಥೆಯ ಇನ್ನೊಂದು ಮುಖ ಕಾಣುತ್ತದೆ. ನಾರ್ವೆಗೆ ಸೇರಿದ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ ಹಿಮನರಿಗಳು ಅನಾದಿಯಿಂದ ಇವೆ. ಕಡಲ ಮೇಲಿನ ಹಿಮಗಟ್ಟಿಯ ಮೇಲೆ ನೂರಾರು ಮೈಲಿ ನಡೆಯುವ ಅವು ಹೊರಗಿನಿಂದ ಹುಳುವನ್ನು ಹೊತ್ತು ತಂದಿರಬಹುದು. ಆದರೆ ಅಲ್ಲಿ ವೋಲ್ ಇರಲಿಲ್ಲ, ಹಾಗಾಗಿ ಹುಳು ನೆಲೆಯೂರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ರಷ್ಯನ್ನರು ಕಲ್ಲಿದ್ದಲು ತೆಗೆಯುತ್ತಿದ್ದ ಗ್ರುಮಾಂಟ್ ಎಂಬ ನೆಲೆಗೆ ವೋಲ್‌ಗಳು ಬಂದವು. ಸಾಕುಪ್ರಾಣಿಗಳಿಗೆ ಹಡಗಿನಲ್ಲಿ ತಂದ ಮೇವಿನೊಂದಿಗೆ ಬಂದಿರಬೇಕೆಂಬುದು ಸಾಮಾನ್ಯ ಊಹೆ. ಗಣಿ ಮುಚ್ಚಿತು, ಜನ ಬಿಟ್ಟುಹೋದರು, ಕಡಲಹಕ್ಕಿಗಳ ಹಿಕ್ಕೆಯಿಂದ ಹುಲುಸಾದ ಇಳಿಜಾರುಗಳಲ್ಲಿ ವೋಲ್‌ಗಳು ಉಳಿದವು. 1999ರಲ್ಲಿ ಅವುಗಳ ಪಿತ್ತಜನಕಾಂಗಗಳಲ್ಲಿ ಈ ಹುಳು ಪತ್ತೆಯಾಯಿತು. ನರಿಗಳು ಮೊದಲಿನಿಂದಲೂ ಇದ್ದವು. ಹೊಸದಾಗಿ ಬಂದದ್ದು ಇಲಿ, ಅದನ್ನು ತಂದವನು ಮನುಷ್ಯ. ಫ್ರಾನ್ಸಿನ ಜೂರಾ ಗುಡ್ಡಗಳಲ್ಲಿ ಕಾಣುವುದೂ ಇದೇ ಬಗೆಯ ನಂಟು. ಕೊಂತೆ ಚೀಸಿಗೆ ಹೆಸರಾದ ಆ ಸೀಮೆಯಲ್ಲಿ ಕಳೆದ ಶತಮಾನದ ಉತ್ತರಾರ್ಧದಲ್ಲಿ ಉಳುವ ಹೊಲಗಳು ಕಡಿಮೆಯಾಗಿ, ಹೈನುಗಾರಿಕೆಗಾಗಿ ಶಾಶ್ವತ ಹುಲ್ಲುಗಾವಲು ಹರಡಿತು. ನೇಗಿಲು ತಾಕದ ನೆಲದಲ್ಲಿ ವೋಲ್‌ಗಳ ಬಿಲ ಕೆಡುವುದಿಲ್ಲ. ಐದಾರು ವರ್ಷಕ್ಕೊಮ್ಮೆ ಅವು ಹೆಕ್ಟೇರಿಗೆ ನೂರುಗಟ್ಟಲೆ ಉಕ್ಕುತ್ತವೆ. ಪಿಯರ್ ಜಿರೋಡೂ ಮತ್ತು ಅವರ ಜೊತೆಗಾರರ ಅಧ್ಯಯನಗಳು ಹುಲ್ಲಿನ ಹರವು, ವೋಲ್‌ಗಳ ಉಕ್ಕು, ಮನುಷ್ಯರಲ್ಲಿ ರೋಗ ಇವು ಮೂರೂ ಒಂದರ ಹಿಂದೊಂದು ಹೋಗುವುದನ್ನು ತೋರಿಸಿವೆ. ನರಿಯಿರುವ ಎಲ್ಲ ಕಡೆಯೂ ರೋಗ ಒಂದೇ ಸಮ ಇಲ್ಲದಿರುವುದಕ್ಕೆ ಈ ನೆಲದ ಲೆಕ್ಕವೇ ಮುಖ್ಯ ವಿವರಣೆ.

ಇಲ್ಲಿ ಎದುರು ಬಣದ ಒಂದು ಅವಸರದ ಮಾತನ್ನೂ ತಡೆದು ನೋಡಬೇಕು. ನರಿ ವೋಲ್‌ಗಳನ್ನು ತಿನ್ನುತ್ತದೆ, ಹಾಗಾಗಿ ನರಿ ಹೆಚ್ಚಿದಷ್ಟೂ ವೋಲ್ ಕಡಿಮೆ, ರೋಗವೂ ಕಡಿಮೆ ಎಂದು ನರಿಪ್ರಿಯರು ವಾದಿಸುವುದುಂಟು. ಕೇಳಲು ಹಿತವಾಗಿದೆ. ಆದರೆ ಹುಳು ನರಿಯೊಳಗೆ ಸೇರುವುದೇ ವೋಲ್ ತಿಂದಾಗ. ಸ್ವಿಸ್ ಲೆಕ್ಕ ತೋರಿಸಿದ್ದು ನರಿ ಹೆಚ್ಚಿದಾಗ ರೋಗವೂ ಹೆಚ್ಚಿದ್ದನ್ನು. ಜ್ಯೂರಿಕ್‌ನಲ್ಲಿ ನಗರದ ನಡುವಿನ ನರಿಗಳಿಗಿಂತ ಅಂಚಿನ ನರಿಗಳಲ್ಲಿ ಹುಳು ಹೆಚ್ಚಿದ್ದದ್ದೂ ಇದೇ ಕಾರಣಕ್ಕೆ: ನಡುವಿನವು ತಿಪ್ಪೆ, ಕಾಂಪೋಸ್ಟು, ಬೆಕ್ಕಿಗಿಟ್ಟ ತಟ್ಟೆ ಇವುಗಳಿಂದ ಹೊಟ್ಟೆ ತುಂಬಿಸಿಕೊಂಡರೆ, ಅಂಚಿನವುಗಳಿಗೆ ಹುಲ್ಲುಗಾವಲು ಪಕ್ಕದಲ್ಲಿಯೇ ಇತ್ತು. ಹಾಗೆಂದು ವೋಲ್‌ಗಳನ್ನು ವಿಷವಿಟ್ಟು ಕೊಂದುಬಿಡೋಣ ಎಂದರೂ ಗಂಡಾಂತರವೇ. ಜೂರಾದಲ್ಲಿ ಬ್ರೋಮಾಡಿಯೊಲೋನ್ ಎಂಬ ಇಲಿಪಾಷಾಣವನ್ನು ಹೊಲಗಳಿಗೆ ಹಾಕಿದಾಗ ಸತ್ತ ಇಲಿಗಳನ್ನು ತಿಂದ ನರಿ, ಹದ್ದುಗಳೂ ಸತ್ತವು. ವೋಲ್‌ಗಳು ಮುಂದಿನ ಸುತ್ತಿನಲ್ಲಿ ಮತ್ತೆ ಉಕ್ಕಿದವು. ಚೀನಾದ ಗಾನ್ಸು ಪ್ರಾಂತ್ಯದ ಝಾಂಗ್ ಕೌಂಟಿಯಲ್ಲಿ ಇಲಿಪಾಷಾಣದಿಂದ ಊರನಾಯಿಗಳು ಬಹುಪಾಲು ಸತ್ತು ರೋಗದ ಸುತ್ತು ತುಂಡಾದದ್ದುಂಟು, ನಿಜ. ಅಲ್ಲಿ ಹುಳುವಿನ ಮುಖ್ಯ ಮನೆ ನಾಯಿಯಾಗಿತ್ತು. ಊರಿನ ಎಲ್ಲ ನಾಯಿಗಳೂ ಸಾಯುವುದನ್ನು ಆರೋಗ್ಯ ಯೋಜನೆ ಎಂದು ಯಾರೂ ಶಿಫಾರಸು ಮಾಡಲಾರರು. ಈ ಉದಾಹರಣೆಗಳನ್ನು ಕೂಡಿಸಿದರೆ ಸಿಗುವ ತಿಳಿವಳಿಕೆ ಒಂದೇ: ಹುಲ್ಲು, ಇಲಿ, ನರಿ, ನಾಯಿ, ಮನುಷ್ಯ ಇವು ಒಂದೇ ಸರಪಳಿಯ ಕೊಂಡಿಗಳು. ಯಾವ ಕೊಂಡಿಯನ್ನು ಕಡಿದರೂ ಏನಾದರೊಂದು ಆಗುತ್ತದೆ. ಎಷ್ಟು ಹೊತ್ತು ಕಡಿದಿರುತ್ತದೆ, ಕಡಿದದ್ದಕ್ಕೆ ತೆತ್ತ ಬೆಲೆಯೇನು ಎಂಬುದೇ ವಿಚಾರ.

ನರಿಯನ್ನು ಕೊಲ್ಲದೆ ಹುಳುವನ್ನಷ್ಟೇ ಕೊಲ್ಲುವ ದಾರಿ 1970ರ ದಶಕದಿಂದಲೂ ನಮ್ಮ ಕೈಯಲ್ಲಿದೆ. ಪ್ರಾಜಿಕ್ವಾಂಟೆಲ್ ಎಂಬ ಔಷಧಿ ಒಂದೇ ಬಾರಿಗೆ ಕರುಳಿನ ಹುಳುಗಳನ್ನೆಲ್ಲ ತೆಗೆದುಬಿಡುತ್ತದೆ. ಜ್ಯೂರಿಕ್‌ನಲ್ಲಿ ಡಾನಿಯೆಲ್ ಹೆಗ್ಲಿನ್, ಪೀಟರ್ ಡೆಪ್ಲಾಜೆಸ್ ಮತ್ತಿತರರು 2000 ಮತ್ತು 2001ರಲ್ಲಿ ಇದನ್ನು ಬಯಲಿಗಿಳಿಸಿದರು. 50 ಮಿಲಿಗ್ರಾಂ ಔಷಧಿ ಸೇರಿಸಿದ ತಿನಿಸಿನ ತುಂಡುಗಳು, ಚದರ ಕಿಲೋಮೀಟರಿಗೆ 50ರಂತೆ, ತಿಂಗಳಿಗೊಮ್ಮೆ. ಬಿಲದ ಬಾಯಲ್ಲಿ, ಬೇಲಿಯ ಸಂದಿಯಲ್ಲಿ, ಕಾಂಪೋಸ್ಟ್ ಗುಂಡಿಯ ಪಕ್ಕದಲ್ಲಿ, ಹೀಗೆ ನರಿ ನಡೆದಾಡುವ ಕಡೆಗಳನ್ನು ಗುರುತಿಸಿ ಕೈಯಾರೆ ಇಟ್ಟರು. ಕೆಲವು ತುಂಡುಗಳ ಎದುರು ಸ್ವಯಂಚಾಲಿತ ಕ್ಯಾಮೆರಾ ಕಟ್ಟಿ ನೋಡಿದಾಗ ನರಿಗಳಷ್ಟೇ ಅಲ್ಲದೆ ಮುಳ್ಳುಹಂದಿಯಂಥ ಪುಟ್ಟ ಹೆಜ್‌ಹಾಗ್‌ಗಳು, ಇಲಿಗಳು, ಬಸವನಹುಳುಗಳು ಕೂಡ ಈ ಔತಣಕ್ಕೆ ಬರುತ್ತಿದ್ದದ್ದು ತಿಳಿಯಿತು. ಮಣ್ಣಿನಲ್ಲಿ ಕೊಂಚ ಹೂತಿಟ್ಟರೆ ಅವುಗಳ ಪಾಲು ಕಡಿಮೆಯಾಗುತ್ತಿತ್ತು. ಫಲಿತಾಂಶ ಸ್ಪಷ್ಟವಾಗಿತ್ತು. ಒಂದೊಂದು ಚದರ ಕಿಲೋಮೀಟರಿನ ಆರು ತಾಣಗಳಲ್ಲಿ ಹುಳುವಿನ ಗುರುತಿದ್ದ ಹಿಕ್ಕೆಗಳ ಪಾಲು ನೂರಕ್ಕೆ 38.6ರಿಂದ 5.5ಕ್ಕೆ, 6 ಚದರ ಕಿಲೋಮೀಟರಿನ ಒಂದು ತಾಣದಲ್ಲಿ 66.7ರಿಂದ 1.8ಕ್ಕೆ ಇಳಿಯಿತು. ಔಷಧಿ ಇಡದ ತಾಣಗಳಲ್ಲಿ ಬದಲಾವಣೆ ಇರಲಿಲ್ಲ. ವೋಲ್‌ಗಳಲ್ಲಿಯೂ ಸೋಂಕು ತಗ್ಗಿತು. ಮ್ಯೂನಿಕ್ ಬಳಿಯ ಸ್ಟಾರ್ನ್‌ಬೆರ್ಗ್‌ನಲ್ಲಿ ವಿಮಾನದಿಂದಲೂ ತುಂಡುಗಳನ್ನು ಚೆಲ್ಲಿ ಇನ್ನೂ ದೊಡ್ಡ ಪ್ರದೇಶದಲ್ಲಿ ಇಂಥದೇ ಇಳಿಕೆ ಸಾಧಿಸಿದರು.

ಆದರೆ ಒಂದೆರಡು ಗೆಲುವುಗಳಿಂದ ಹಿಗ್ಗುವ ಮುನ್ನ ಫ್ರಾನ್ಸಿನ ಎರಡು ಊರುಗಳ ಕಥೆ ಕೇಳಬೇಕು. ಆನೆಸಿ ಮತ್ತು ಪೊಂತಾರ್ಲಿಯೆ ಎಂಬ ಊರುಗಳಲ್ಲಿ ಇದೇ ಬಗೆಯ ಔಷಧಿ ಹಂಚಿಕೆ ನಡೆಯಿತು. ಆನೆಸಿಯಲ್ಲಿ ಹುಳು ಸಾಕಷ್ಟು ತಗ್ಗಿತು; ಪೊಂತಾರ್ಲಿಯೆಯಲ್ಲಿ ತಗ್ಗಲೇ ಇಲ್ಲ. ಎರಡನೆಯದು ಜೂರಾದ ನಡುವಿನ, ಸುತ್ತಲೂ ಹುಲ್ಲುಗಾವಲಿನ, ವೋಲ್ ಸೋಂಕು ತುಂಬಿದ ಸೀಮೆ. ಅಲ್ಲಿ ಇಂದು ಹುಳು ಕಳೆದುಕೊಂಡ ನರಿ ನಾಳೆಯೇ ಇನ್ನೊಂದು ವೋಲ್ ತಿಂದು ಹೊಸ ಹುಳು ತುಂಬಿಕೊಳ್ಳುತ್ತದೆ. ರೇಬೀಸ್ ಲಸಿಕೆಗೂ ಈ ಔಷಧಿಗೂ ಇರುವ ಮುಖ್ಯ ಅಂತರ ಇಲ್ಲಿದೆ. ಲಸಿಕೆ ನುಂಗಿದ ನರಿಗೆ ಕಾವಲು ಸಿಗುತ್ತದೆ, ಸಾಕಷ್ಟು ನರಿಗಳು ನುಂಗಿದರೆ ರೋಗಕ್ಕೆ ಹೋಗಲು ದಾರಿಯಿಲ್ಲದೆ ಅದು ಅಳಿಯುತ್ತದೆ, ಒಮ್ಮೆ ಅಳಿದರೆ ಕೆಲಸ ಮುಗಿಯಿತು. ಪ್ರಾಜಿಕ್ವಾಂಟೆಲ್ ಇಂದಿನ ಹುಳುವನ್ನು ಕೊಲ್ಲುತ್ತದೆ, ನಾಳೆಯದನ್ನು ತಡೆಯುವುದಿಲ್ಲ. ಮಣ್ಣಿನಲ್ಲಿ ಬಿದ್ದ ಮೊಟ್ಟೆಯನ್ನಂತೂ ಮುಟ್ಟುವುದೇ ಇಲ್ಲ. ನಾಲ್ಕು ವಾರಕ್ಕೊಮ್ಮೆ, ವರ್ಷಗಟ್ಟಲೆ, ಬಿಡುವಿಲ್ಲದೆ ಹಂಚಬೇಕು. ನಿಲ್ಲಿಸಿದರೆ ಹುಳು ಮರಳುತ್ತದೆ. ಇದನ್ನು ಹಿಡಿದುಕೊಂಡು, ಮುಗಿಯದ ಕೆಲಸಕ್ಕೆ ಹಣ ಸುರಿಯುವುದೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕುಡಿಯುವ ನೀರಿಗೆ ಕ್ಲೋರಿನ್ ಹಾಕುವುದೂ ಬೀದಿ ಗುಡಿಸುವುದೂ ಮುಗಿಯದ ಕೆಲಸಗಳೇ. ಮುಗಿಯುವುದಿಲ್ಲವೆಂದು ಅವನ್ನು ಯಾವ ಪುರಸಭೆಯೂ ಕೈಬಿಟ್ಟಿಲ್ಲ. ಎಲ್ಲಿ ಹಂಚಿದರೆ ಹೆಚ್ಚು ಮಂದಿಗೆ ಪ್ರಯೋಜನ ಎಂಬುದನ್ನು ಆರಿಸಿಕೊಳ್ಳಬೇಕು, ಅಷ್ಟೆ. ಇಡೀ ದೇಶದ ಕಾಡುಗಳಿಗೆ ಔಷಧಿ ಚೆಲ್ಲುವುದು ಹಣ ಪೋಲು. ಜನವಸತಿ ದಟ್ಟವಾಗಿದ್ದು ನರಿ, ತೋಟ, ಹುಲ್ಲುಗಾವಲು ಒಟ್ಟಿಗೆ ಸೇರುವ ಊರಂಚಿನ ಪಟ್ಟಿಯಲ್ಲಿ ಹಂಚುವುದು ವಿವೇಕ.

ಇದಕ್ಕಿಂತ ಬಿರುಸಾದ ಆಕ್ಷೇಪವೆಂದರೆ ರೋಗದ ವಿರಳತೆ. ವರ್ಷಕ್ಕೆ ಲಕ್ಷದಲ್ಲಿ ಸುಮಾರು ಕಾಲು ಮಂದಿಗಷ್ಟೇ ಬರುವ ಕಾಯಿಲೆಗೆ ಇಷ್ಟೊಂದು ತಲೆಬಿಸಿ ಬೇಕೇ? ಮೇಲಾಗಿ ಈಗ ಚಿಕಿತ್ಸೆಯೂ ಇದೆ. 1970ರ ಸುಮಾರಿಗೆ ಈ ರೋಗ ಬಂದ ಸ್ವಿಸ್ ರೋಗಿ ಸರಾಸರಿ 20 ವರ್ಷದಷ್ಟು ಆಯುಷ್ಯ ಕಳೆದುಕೊಳ್ಳುತ್ತಿದ್ದರೆ, 2005ರ ಹೊತ್ತಿಗೆ ಆ ನಷ್ಟ 3 ವರ್ಷದ ಆಸುಪಾಸಿಗೆ ಇಳಿದಿತ್ತು. ಈ ಇಳಿಕೆ ದೊಡ್ಡ ಸಾಧನೆ, ಸಂದೇಹವಿಲ್ಲ. ಅದರ ಹಿಂದಿರುವುದು ಮಾತ್ರ ದುಬಾರಿ ವ್ಯವಸ್ಥೆ: ಬೇಗ ಹಿಡಿದು ತೋರಿಸುವ ಸ್ಕ್ಯಾನಿಂಗ್, ಪಿತ್ತಜನಕಾಂಗದ ಭಾಗವನ್ನೇ ಕತ್ತರಿಸಿ ತೆಗೆಯುವ ಶಸ್ತ್ರಚಿಕಿತ್ಸೆ, ಅದಾಗದವರಿಗೆ ವರ್ಷಾನುಗಟ್ಟಲೆ, ಹಲವೊಮ್ಮೆ ಬದುಕಿಡೀ, ಆಲ್ಬೆಂಡಜೋಲ್ ಮಾತ್ರೆ. ನಮ್ಮಲ್ಲಿ ಶಾಲಾಮಕ್ಕಳಿಗೆ ಜಂತುಹುಳುವಿಗೆ ಒಂದು ಚೀಪುವ ಮಾತ್ರೆಯಾಗಿ ಕೊಡುವ ಅದೇ ಆಲ್ಬೆಂಡಜೋಲ್ ಇಲ್ಲಿ ಹುಳುವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ಹಿಡಿದಿಡುತ್ತದೆ ಅಷ್ಟೆ. ಒಬ್ಬ ಸ್ವಿಸ್ ರೋಗಿಯ ಚಿಕಿತ್ಸೆಗೆ ಸರಾಸರಿ ಒಂದು ಲಕ್ಷ ಯೂರೋದಷ್ಟು ಖರ್ಚಾಗುತ್ತಿತ್ತೆಂದು ಲೆಕ್ಕ ಹಾಕಿದ್ದಾರೆ. ಇಂಥ ವ್ಯವಸ್ಥೆ ಇಲ್ಲದ ಕಡೆ ಏನು? 2010ರ ಒಂದು ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 18,000 ಹೊಸ ರೋಗಿಗಳು, ಅವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಚೀನಾದವರು, ಅದರಲ್ಲೂ ಟಿಬೆಟ್ ಪ್ರಸ್ಥಭೂಮಿಯಂಥ ಪಶ್ಚಿಮದ ಮೇವುನಾಡುಗಳವರು. ಜ್ಯೂರಿಕ್‌ನಲ್ಲಿ ವಿರಳವಾದದ್ದು ಅಲ್ಲಿ ಮನೆಮನೆಯ ಭಯ. ಇನ್ನೊಂದು ಮಾತು: ಹತ್ತು ಹದಿನೈದು ವರ್ಷ ಬಚ್ಚಿಟ್ಟುಕೊಳ್ಳುವ ರೋಗದಲ್ಲಿ ಇಂದಿನ ರೋಗಿಗಳ ಸಂಖ್ಯೆ ನಿನ್ನೆಯ ನೆಲದ ಸ್ಥಿತಿಯನ್ನು ಹೇಳುತ್ತದೆ. ಇಂದಿನ ನೆಲದಲ್ಲಿ ಏನಿದೆಯೆಂದು ಆಸ್ಪತ್ರೆಯ ದಾಖಲೆಯಿಂದ ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ನರಿಗಳ ಹಿಕ್ಕೆಯನ್ನು ಪರೀಕ್ಷಿಸುತ್ತ ಹೋಗುವುದು ಅದಕ್ಕೇ ಮುಖ್ಯ.

ಹುಳು ನರಿಯಿಂದ ನೇರವಾಗಿ ಮನುಷ್ಯನಿಗೆ ಜಿಗಿಯುವುದಿಲ್ಲ; ನಡುವೆ ಮನೆಯ ಹೊಸ್ತಿಲು ದಾಟುವವರು ಬೇಕು. ಕಾಡಿನ ಹಣ್ಣು ತಿಂದರೆ ಈ ರೋಗ ಬರುತ್ತದೆಂದು ಜರ್ಮನ್ ಮನೆಗಳಲ್ಲಿ ಮಕ್ಕಳನ್ನು ಹೆದರಿಸುವುದು ಹಳೆಯ ರೂಢಿ. ಆದರೆ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಹಣ್ಣು, ಅಣಬೆಗಳ ಮೇಲಿನ ಆರೋಪ ಗಟ್ಟಿಯಾಗಿ ನಿಲ್ಲಲಿಲ್ಲ. ಎದ್ದು ಕಂಡವು ನಾಯಿ ಸಾಕುವುದು, ಹೊಲಗೆಲಸ, ಮನೆಯ ತೋಟ. ವೋಲ್ ಹಿಡಿದು ತಿನ್ನುವ ನಾಯಿ ನರಿಯಷ್ಟೇ ಚೆನ್ನಾಗಿ ಹುಳುವನ್ನು ಬೆಳೆಸುತ್ತದೆ, ಆಮೇಲೆ ಸೋಫಾದ ಮೇಲೆ ಬಂದು ಮಲಗುತ್ತದೆ. ಇಲ್ಲಿ ಪರಿಹಾರ ಸುಲಭ, ಅಗ್ಗ: ಇಲಿ ಹಿಡಿಯುವ ನಾಯಿಗೆ ನಾಲ್ಕು ವಾರಕ್ಕೊಮ್ಮೆ ಅದೇ ಪ್ರಾಜಿಕ್ವಾಂಟೆಲ್. ಸೇಂಟ್ ಲಾರೆನ್ಸ್ ದ್ವೀಪದ ಒಂದು ಹಳ್ಳಿಯಲ್ಲಿ ನಾಯಿಗಳಿಗೆ ತಿಂಗಳು ತಿಂಗಳೂ ಔಷಧಿ ಕೊಟ್ಟು ಸುತ್ತಲಿನ ವೋಲ್‌ಗಳ ಸೋಂಕನ್ನೇ ಇಳಿಸಿದ ದಾಖಲೆ ಇದೆ. ಹುಳುವಿಲ್ಲದ ದೇಶಗಳು ತಮ್ಮ ಗಡಿಯಲ್ಲಿ ಹಾಕಿರುವ ಕಾವಲೂ ಇದೇ ತತ್ವದ್ದು. 2011ರ ಯುರೋಪಿಯನ್ ಒಕ್ಕೂಟದ ನಿಯಮದಂತೆ ಬ್ರಿಟನ್, ಐರ್ಲೆಂಡ್, ಫಿನ್‌ಲೆಂಡ್, ಮಾಲ್ಟಾಗಳಿಗೆ ಹೋಗುವ ನಾಯಿಗೆ ಗಡಿ ದಾಟುವ 24ರಿಂದ 120 ಗಂಟೆಗಳ ಮುಂಚೆ ಹುಳುವಿನ ಔಷಧಿ ಕೊಟ್ಟಿರಬೇಕಾಗಿತ್ತು. ಸ್ವೀಡನ್ ಕೂಡ ಹುಳುವಿಲ್ಲದ ದೇಶವೆಂದು ಹೆಮ್ಮೆಪಡುತ್ತಿತ್ತು. 2011ರ ಆರಂಭದಲ್ಲಿ ಒಂದು ನರಿಯಲ್ಲಿ ಹುಳು ಸಿಕ್ಕಿ ಆ ಹೆಮ್ಮೆ ಮುಗಿಯಿತು. ಸ್ಟುಟ್‌ಗಾರ್ಟ್, ಮ್ಯೂನಿಕ್, ಜ್ಯೂರಿಕ್ ಸುತ್ತ ನೆಲೆಸಿ ಹಿತ್ತಿಲಲ್ಲಿ ಕೊತ್ತಂಬರಿ, ಮೆಂತ್ಯ ಬೆಳೆದುಕೊಳ್ಳುವ ಕನ್ನಡಿಗರಿಗೂ ಈ ಮಾತು ಅನ್ವಯಿಸುತ್ತದೆ. ಅವರಿರುವುದು ಈ ಹುಳುವಿನ ಹಳೆಯ ಸೀಮೆಯಲ್ಲಿ. ಸೊಪ್ಪನ್ನು ಚೆನ್ನಾಗಿ ತೊಳೆಯುವುದು, ಬೇಯಿಸುವುದು, ಮಣ್ಣಿನ ಕೆಲಸದ ನಂತರ ಕೈತೊಳೆಯುವುದು, ನಾಯಿಯಿದ್ದರೆ ತಪ್ಪದೆ ಹುಳುಮದ್ದು: ಇಷ್ಟರಲ್ಲಿ ಅಪಾಯದ ಬಹುಪಾಲು ಕಳೆಯುತ್ತದೆ.

ಜರ್ಮನ್ ನುಡಿಯಲ್ಲಿ ಈ ಹುಳುವಿನ ಬಳಕೆಯ ಹೆಸರೇ ‘ನರಿಯ ಲಾಡಿಹುಳು’. ಹೆಸರು ಬೆರಳು ತೋರಿಸಿದ ಕಡೆಗೆ ಬಂದೂಕೂ ತಿರುಗುತ್ತದೆ. ಕನ್ನಡಿಗರಿಗೆ ಇದು ಅಪರಿಚಿತವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ರೋಗಕ್ಕೆ ಮಲೆನಾಡು ‘ಮಂಗನ ಕಾಯಿಲೆ’ ಎಂದು ಹೆಸರಿಟ್ಟಿತು. ವೈರಸ್ಸನ್ನು ದಾಟಿಸುವುದು ಉಣುಗು. ಮುಸಿಯ, ಮಂಗಗಳು ಅದರಿಂದ ಸಾಯುವ ಪ್ರಾಣಿಗಳು. ಕಾಡಿನಂಚಿಗೆ ದನ ಹೊಡೆದುಕೊಂಡು, ಸೌದೆಗೆ, ತರಗೆಲೆಗೆ ಹೋಗುವವರು ನಾವು. ಹೆಸರಿನಲ್ಲಿ ಉಳಿದದ್ದು ಮಾತ್ರ ಮಂಗ. ನರಿಗೂ ಮಂಗಕ್ಕೂ ಒಂದು ವ್ಯತ್ಯಾಸವಿದೆ: ಮಂಗ ರೋಗಕ್ಕೆ ಬಲಿಯಾಗುತ್ತದೆ, ನರಿ ಹುಳುವನ್ನು ನಿಜವಾಗಿಯೂ ಹೊತ್ತು ಹರಡುತ್ತದೆ. ಹಾಗಾಗಿ ನರಿಯನ್ನು ಪೂರ್ತಿ ನಿರ್ದೋಷಿ ಎನ್ನಲಾಗದು. ಆದರೆ ಹೊಲವನ್ನು ಹುಲ್ಲುಗಾವಲು ಮಾಡಿದ್ದು, ರೇಬೀಸ್ ತೊಲಗಿಸಿ ನರಿಗೆ ಬದುಕು ಕೊಟ್ಟದ್ದು, ಊರಂಚಿನಲ್ಲಿ ತೋಟವಿಟ್ಟು ಕಾಂಪೋಸ್ಟ್ ಗುಂಡಿ ತೆರೆದಿಟ್ಟದ್ದು, ನಾಯಿಯನ್ನು ಹುಲ್ಲಿಗೆ ಬಿಟ್ಟು ಮನೆಯೊಳಕ್ಕೆ ಕರೆದದ್ದು, ಹಡಗಿನಲ್ಲಿ ಮೇವಿನೊಂದಿಗೆ ಇಲಿಯನ್ನು ಸಾಗಿಸಿದ್ದು, ಇವ್ಯಾವುವೂ ನರಿಯ ಕೆಲಸಗಳಲ್ಲ. ಇವುಗಳಲ್ಲಿ ಹೆಚ್ಚಿನವು ಒಳ್ಳೆಯ ಉದ್ದೇಶದವು, ಕೆಲವಂತೂ ಮತ್ತೆ ಮಾಡಬೇಕಾದವೇ. ರೇಬೀಸ್ ಇಲ್ಲದ ಯುರೋಪು ಬೇಡವೆಂದು ಯಾರು ಹೇಳಿಯಾರು?

ಸಾಕ್ಷ್ಯಗಳು ಕೊಡುವ ಉತ್ತರ ಆದ್ದರಿಂದ ಸಾಧಾರಣವಾದದ್ದು, ಸ್ವಲ್ಪ ಬೇಸರದ್ದು ಕೂಡ. ಕಡಲಿನಿಂದ ಸುತ್ತುವರಿದ ಪುಟ್ಟ ದ್ವೀಪದ ಹೊರತು ಬಂದೂಕು ಕೆಲಸ ಮಾಡದು. ನಾನ್ಸಿಯಲ್ಲಿ ಅದು ಕೇಡನ್ನೇ ಹೆಚ್ಚಿಸಿತು. ಔಷಧಿ ಕೆಲಸ ಮಾಡುತ್ತದೆ, ಆದರೆ ತಿಂಗಳು ತಪ್ಪದೆ ಹಂಚುವವರಿರುವ ತನಕ, ಸುತ್ತಲಿನ ಹುಲ್ಲಿನಲ್ಲಿ ಸೋಂಕು ತೀರಾ ತುಂಬಿರದ ಕಡೆ. ನಾಯಿಗೆ ಮದ್ದು, ಕೈಗೆ ನೀರು, ಅಂಚಿನ ಊರುಗಳಲ್ಲಿ ಹಿಕ್ಕೆಯ ಪರೀಕ್ಷೆ, ಬೇಗ ಪತ್ತೆ: ಇವು ಎಲ್ಲಿಯೂ ವ್ಯರ್ಥವಾಗುವುದಿಲ್ಲ. ಇವುಗಳಲ್ಲಿ ಯಾವುದಕ್ಕೂ ವಿಜಯೋತ್ಸವದ ದಿನವಿಲ್ಲ. ಇಷ್ಟನ್ನು ಒಪ್ಪಿಕೊಂಡ ಊರಿನಲ್ಲಿ ಕೆಲಸ ನಡೆಯುವುದು ಹೀಗೆ: ತಿಂಗಳ ಮೊದಲ ವಾರ ಯಾರೋ ಒಬ್ಬರು ಚೀಲದ ತುಂಬ ಮದ್ದಿನ ತುಂಡು ತುಂಬಿಕೊಂಡು ಹೊರಟು, ಬೇಲಿಯ ಸಂದಿಯಲ್ಲಿ ಮಣ್ಣು ಕೆದಕಿ ಒಂದನ್ನು ಇಟ್ಟು, ಮೇಲೆ ಮಣ್ಣೆಳೆದು ಮುಂದಿನ ಬೇಲಿಗೆ ಹೋಗುತ್ತಾರೆ. ನಾಲ್ಕು ವಾರ ಬಿಟ್ಟು ಮತ್ತೆ ಬರುತ್ತಾರೆ.